ಬಿಸಿಎ ಮುಗಿಸಿ ಸಂಬಳದ ಜೊತೆ ಎಂ.ಟೆಕ್: ಅರ್ಜಿ ಹಾಕುವ ಮುಂಚೆ ಮಾರ್ಕ್ಸ್ ಕಾರ್ಡ್ ಹೊರಗೆ ತೆಗೆಯಿರಿ

ಆರನೇ ಸೆಮಿಸ್ಟರ್ ಶುರುವಾದ ಕೂಡಲೇ ನಮ್ಮ ಸ್ಟಾಫ್ ರೂಮಿನ ಬಾಗಿಲಲ್ಲಿ ಪ್ರತಿ ವರ್ಷ ಅದೇ ಪ್ರಶ್ನೆ. "ಮೇಡಂ, ವಿಪ್ರೋದು ಬಿಟ್ಟಿದ್ದಾರಂತೆ, ಹಾಕ್ಲಾ?"

"ಹಾಕಪ್ಪ. ಮೊದಲು ಎಸ್ಸೆಸ್ಸೆಲ್ಸಿಯಿಂದ ಐದನೇ ಸೆಮ್ ತನಕದ ಮಾರ್ಕ್ಸ್ ಕಾರ್ಡು, ಆಧಾರ್, ಪ್ಯಾನ್ ಎಲ್ಲ ತಗೊಂಡು ಬಾ" ಅನ್ನುತ್ತೇನೆ. ಮುಖ ಸಪ್ಪಗಾಗುತ್ತದೆ. ಅವರು ಆಪ್ಟಿಟ್ಯೂಡ್ ಪುಸ್ತಕದ ಹೆಸರು ಕೇಳೋಕೆ ಬಂದಿರುತ್ತಾರೆ. ಆದರೆ ಕಾಲೇಜಿನ ಪ್ಲೇಸ್‌ಮೆಂಟ್ ಕೆಲಸ ನನ್ನ ತಲೆಗೆ ಬಿದ್ದ ಮೇಲೆ ನಾನು ಕಂಡದ್ದು ಇಷ್ಟು: ಟೆಸ್ಟ್‌ನಲ್ಲಿ ಹೋದವರು ಮತ್ತೆ ಬರೆಯುತ್ತಾರೆ, ಕಾಗದದಲ್ಲಿ ಹೋದವರು ಅಳುತ್ತಾರೆ. ಅದಕ್ಕೇ ಈ ಲೇಖನ ಕಾಗದದ ಕಡೆಯಿಂದ ಶುರುವಾಗುತ್ತದೆ.

ಹುಡುಗರು "ವಿಲ್ಪ್" ಅನ್ನುವುದು ವಿಪ್ರೋದ ವರ್ಕ್ ಇಂಟಿಗ್ರೇಟೆಡ್ ಲರ್ನಿಂಗ್ ಪ್ರೋಗ್ರಾಮ್ ಅನ್ನು. ಬಿಸಿಎ, ಬಿಎಸ್ಸಿ ಮುಗಿಸಿದವರನ್ನು ಕೆಲಸಕ್ಕೆ ತೆಗೆದುಕೊಂಡು, ತಿಂಗಳು ತಿಂಗಳು ಸ್ಟೈಪೆಂಡ್ ಕೊಟ್ಟು, ಪಕ್ಕದಲ್ಲೇ ಎಂ.ಟೆಕ್ ಓದಿಸುತ್ತಾರೆ. ಓದಿನ ಫೀಸು ಕಂಪನಿಯದೇ. ಇದು ಹೊಸದಲ್ಲ. ತೊಂಬತ್ತರ ದಶಕದಲ್ಲೇ ಬಿಟ್ಸ್ ಪಿಲಾನಿ ಜೊತೆ ಸೇರಿ "ವೇಸ್" ಅನ್ನುವ ಹೆಸರಲ್ಲಿ ಶುರು ಮಾಡಿದ್ದರು, ಆಮೇಲೆ ವೆಲ್ಲೂರಿನ ವಿಐಟಿ ಜೊತೆ "ವಿಸ್ಟಾ" ಬಂತು. ಈಗ ಎಲ್ಲಕ್ಕೂ ಒಂದೇ ಹೆಸರು. ಯಾವ ಸಂಸ್ಥೆಯಲ್ಲಿ ಓದಬೇಕು ಅನ್ನುವುದು ನಿಮ್ಮ ಆಯ್ಕೆಯಲ್ಲ, ಕಂಪನಿ ಹೇಳಿದ ಕಡೆ.

ಮೊದಲು ದುಡ್ಡಿನ ಲೆಕ್ಕ

ಇತ್ತೀಚಿನ ವರ್ಷಗಳ ಪ್ರಕಟಣೆಗಳಲ್ಲಿ ಮೊದಲ ವರ್ಷದ ಸ್ಟೈಪೆಂಡ್ ತಿಂಗಳಿಗೆ 15,000 ರೂಪಾಯಿ, ಅದರ ಜೊತೆ ಇಎಸ್‌ಐಗೆ (ನೌಕರರ ಆರೋಗ್ಯ ವಿಮೆ) 488 ಅಂತ ಬರೆದಿರುತ್ತದೆ. ಆ 488 ನಿಮ್ಮ ಕೈಗೆ ಬರುವುದಿಲ್ಲ. ಇಎಸ್‌ಐಗೆ ಕಂಪನಿ ಕಟ್ಟುವ ಪಾಲು ಶೇ. 3.25, 15,000ಕ್ಕೆ ಅದು 488 ಆಗುತ್ತದೆ. ನಿಮ್ಮ ಪಾಲು ಶೇ. 0.75, ಅಂದರೆ ಸುಮಾರು 113 ರೂಪಾಯಿ, ನಿಮ್ಮ 15,000ದಿಂದ ಹೋಗುತ್ತದೆ. ಪ್ರತಿಯಾಗಿ ಜ್ವರ ಬಂದರೂ ಆಪರೇಷನ್ ಆದರೂ ಇಎಸ್‌ಐ ಆಸ್ಪತ್ರೆ ಇದೆ. ಎರಡನೇ ವರ್ಷ 17,000, ಮೂರನೇ ವರ್ಷ 19,000, ನಾಲ್ಕನೇ ವರ್ಷ 23,000. ಮೊದಲ ವರ್ಷ 75,000 ಜಾಯಿನಿಂಗ್ ಬೋನಸ್. ನೀವು ಅರ್ಜಿ ಹಾಕುವ ವರ್ಷ ಈ ಅಂಕಿಗಳು ಬದಲಾಗಿರಬಹುದು, ಕಂಪನಿಯ ಕೆರಿಯರ್ಸ್ ಪೇಜ್ ತೆರೆದು ಒಂದ್ಸಲ ನೋಡಿಬಿಡಿ.

ಇನ್ನು ಒಪ್ಪಂದ: 60 ತಿಂಗಳು. ಐದು ವರ್ಷ. ಇದನ್ನು ಹುಡುಗರು ಓದುತ್ತಾರೆ, ಆದರೆ ಕಿವಿಗೆ ಹಾಕಿಕೊಳ್ಳುವುದಿಲ್ಲ. ನಡುವೆ ಬಿಟ್ಟರೆ ಜಾಯಿನಿಂಗ್ ಬೋನಸ್ಸನ್ನು ಬಾಕಿ ತಿಂಗಳ ಲೆಕ್ಕದಲ್ಲಿ ವಾಪಸ್ ಕೊಡಬೇಕು. 75,000ವನ್ನು 60ರಿಂದ ಭಾಗಿಸಿದರೆ ತಿಂಗಳಿಗೆ 1,250. ಎರಡು ವರ್ಷಕ್ಕೆ ಬಿಟ್ಟರೆ ಉಳಿದ 36 ತಿಂಗಳಿಗೆ 45,000. ದುಡ್ಡು ಹೇಗೋ ಹೊಂದಿಸಬಹುದು. ಅರ್ಧಕ್ಕೆ ನಿಂತ ಎಂ.ಟೆಕ್ಕನ್ನು ಏನು ಮಾಡುತ್ತೀರಿ?

ಬೆಂಗಳೂರಿನಲ್ಲಿ ಮೂವರು ಹಂಚಿಕೊಳ್ಳುವ ಪಿಜಿ ರೂಮಿಗೆ ಊಟ ಸೇರಿ ಎಂಟು ಸಾವಿರದ ಆಚೀಚೆ ಆಗುತ್ತದೆ ಅಂತ ಹೋದ ಮಕ್ಕಳು ಹೇಳುತ್ತಾರೆ. ಬಸ್ಸು, ಕರೆನ್ಸಿ, ಭಾನುವಾರದ ಬಿರಿಯಾನಿ ಕಳೆದು ಮನೆಗೆ ಎರಡೋ ಮೂರೋ ಸಾವಿರ ಕಳಿಸಬಹುದು. ಅದಕ್ಕಿಂತ ಜಾಸ್ತಿ ಕಳಿಸುತ್ತೇನೆ ಅಂತ ಅಪ್ಪನಿಗೆ ಮಾತು ಕೊಡಬೇಡಿ.

ಇದರ ಎದುರು ನಿಲ್ಲುವ ನಿಜವಾದ ದಾರಿ ಎಂಸಿಎ. ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದು ಒಳ್ಳೆ ರ‍್ಯಾಂಕ್ ಬಂದು, ಒಳ್ಳೆ ಕಾಲೇಜಿನಲ್ಲಿ ಸರ್ಕಾರಿ ಸೀಟು ಸಿಕ್ಕಿ, ಮನೆಯವರು ಇನ್ನೆರಡು ವರ್ಷ ಕಾಯುವ ಸ್ಥಿತಿಯಲ್ಲಿದ್ದರೆ ನಾನು ಎಂಸಿಎ ಅನ್ನುತ್ತೇನೆ. ಎರಡು ವರ್ಷಕ್ಕೆ ಮುಗಿಯುತ್ತದೆ, ಕೈಕಾಲಿಗೆ ಕಟ್ಟಿಲ್ಲ. ಮನೆಗೆ ಈಗಲೇ ದುಡ್ಡು ಬೇಕು, ಫೀಸು ಕಟ್ಟೋಕಾಗಲ್ಲ ಅಂದರೆ ವಿಲ್ಪ್ ಕಣ್ಣುಮುಚ್ಚಿ ಹಾಕಿ. ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಮುಂದೆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇದ್ದರೆ, ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇ ನಿಯಮದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ಎಂ.ಟೆಕ್ ಜೊತೆ ಬಿ.ಇ. ಕೂಡ ಕೇಳುತ್ತಾರೆ. ಬಿಸಿಎ ಮೇಲೆ ಮಾಡಿದ ಎಂ.ಟೆಕ್ ಅಲ್ಲಿ ತೊಡಕಾಗುತ್ತದೆ. ಕಂಪನಿಗಳ ಕೆಲಸಕ್ಕೆ ಈ ತಕರಾರಿಲ್ಲ.

ನೀವು ಅರ್ಹರೇ? ಮಾರ್ಕ್ಸ್ ಕಾರ್ಡ್ ಹೇಳಲಿ

ಬಿಸಿಎ ಆಗಿರಬೇಕು. ಬಿಎಸ್ಸಿ ಆದರೆ ಕಂಪ್ಯೂಟರ್ ಸೈನ್ಸ್, ಐಟಿ, ಗಣಿತ, ಸ್ಟ್ಯಾಟಿಸ್ಟಿಕ್ಸ್, ಎಲೆಕ್ಟ್ರಾನಿಕ್ಸ್ ಅಥವಾ ಫಿಸಿಕ್ಸ್. ಹತ್ತನೇ ತರಗತಿ, ಪಿಯುಸಿ ಪಾಸಾಗಿದ್ದರೆ ಸಾಕು, ಅವು ದೂರಶಿಕ್ಷಣದಲ್ಲಿ ಆಗಿದ್ದರೂ ನಡೆಯುತ್ತದೆ. ಡಿಗ್ರಿ ಮಾತ್ರ ರೆಗ್ಯುಲರ್ ಇರಬೇಕು, ಶೇ. 60 ಅಥವಾ 6.0 ಸಿಜಿಪಿಎ ಇರಬೇಕು. 59.8 ಇದ್ದವರು "ರೌಂಡ್ ಆಫ್ ಮಾಡಿ ಮೇಡಂ" ಅನ್ನುತ್ತಾರೆ. ಮಾಡಬೇಡಿ. ಆಯ್ಕೆಯಾದ ಮೇಲೆ ದಾಖಲೆ ಪರಿಶೀಲನೆಯಲ್ಲಿ ಅದೇ 59.8 ಎದುರು ಬಂದು ನಿಲ್ಲುತ್ತದೆ. ಆರನೇ ಸೆಮ್‌ನಲ್ಲಿ ಏರಿಸಿಕೊಳ್ಳೋಕೆ ನೋಡಿ.

ಜಾಸ್ತಿ ಜನ ಎಡವುವುದು ಗಣಿತದಲ್ಲಿ. ಲೆಕ್ಕ ಬರದೆ ಅಲ್ಲ, ಪೇಪರಿನ ಹೆಸರಿನಿಂದ. ಡಿಗ್ರಿಯಲ್ಲಿ ಒಂದಾದರೂ ಕೋರ್ ಗಣಿತದ ಪೇಪರ್ ಓದಿರಬೇಕು, ಬಿಸಿನೆಸ್ ಮ್ಯಾಥ್ಸ್, ಅಪ್ಲೈಡ್ ಮ್ಯಾಥ್ಸ್ ಲೆಕ್ಕಕ್ಕಿಲ್ಲ ಅಂತ ಪ್ರಕಟಣೆಯಲ್ಲೇ ಬರೆದಿರುತ್ತದೆ. ನಮ್ಮ ರಾಜ್ಯದ ಬಿಸಿಎಯಲ್ಲಿ ಒಂದೊಂದು ವಿಶ್ವವಿದ್ಯಾಲಯ, ಒಂದೊಂದು ಸಿಲೆಬಸ್, ಒಂದೊಂದು ಹೆಸರು. ಡಿಸ್ಕ್ರೀಟ್ ಮ್ಯಾಥಮ್ಯಾಟಿಕಲ್ ಸ್ಟ್ರಕ್ಚರ್ಸ್ ಅಂತ ಒಂದು ಕಡೆ, ಮ್ಯಾಥಮ್ಯಾಟಿಕಲ್ ಫೌಂಡೇಶನ್ ಅಂತ ಇನ್ನೊಂದು ಕಡೆ. ಕೆಲವು ಬ್ಯಾಚುಗಳಿಗೆ ಗಣಿತದ ಬದಲು ಅಕೌಂಟೆನ್ಸಿ ತಗೊಳ್ಳುವ ಅವಕಾಶವೂ ಇತ್ತು, ಅಲ್ವಾ? ಹಾಗಾಗಿ ನೆನಪಿನ ಮೇಲೆ "ಹೌದು, ಓದಿದ್ದೇನೆ" ಅಂತ ಟಿಕ್ ಮಾಡಬೇಡಿ. ವಿಶ್ವವಿದ್ಯಾಲಯಗಳ ಪೋರ್ಟಲ್ ಯುಯುಸಿಎಂಎಸ್‌ಗೆ ಲಾಗಿನ್ ಆಗಿ ಮೊದಲೆರಡು ಸೆಮಿಸ್ಟರಿನ ಮಾರ್ಕ್ಸ್ ಕಾರ್ಡ್ ಇಳಿಸಿಕೊಂಡು ಆ ಪೇಪರ್ ಯಾವ ಹೆಸರಲ್ಲಿದೆ ಅಂತ ಕಣ್ಣಾರೆ ನೋಡಿ. ಅನುಮಾನವಿದ್ದರೆ ಸಿಲೆಬಸ್ ಪುಟವನ್ನೂ ಇಟ್ಟುಕೊಳ್ಳಿ, ಇಂಟರ್‌ವ್ಯೂನಲ್ಲಿ ಕೇಳಿದರೆ ತೋರಿಸಬಹುದು.

ಉಳಿದದ್ದು ಚಿಕ್ಕದು. ಟೆಸ್ಟ್ ಬರೆಯುವಾಗ ಒಂದು ಬ್ಯಾಕ್‌ಲಾಗ್ ಇದ್ದರೆ ಪರವಾಗಿಲ್ಲ, ಆರನೇ ಸೆಮ್ ಜೊತೆ ಎಲ್ಲ ತೀರಿರಬೇಕು. ಹತ್ತನೇ ತರಗತಿಗೂ ಡಿಗ್ರಿ ಶುರುವಿಗೂ ನಡುವೆ 3 ವರ್ಷಕ್ಕಿಂತ ಹೆಚ್ಚು ಗ್ಯಾಪ್ ಇರಬಾರದು. ಡಿಗ್ರಿಯನ್ನು 3 ವರ್ಷದಲ್ಲೇ ಮುಗಿಸಿರಬೇಕು. ಅದೇ ಕಂಪನಿಯ ಬೇರೆ ಆಯ್ಕೆ ಪರೀಕ್ಷೆಗೆ ಕಳೆದ 3 ತಿಂಗಳಲ್ಲಿ ಕೂತಿದ್ದರೆ ಈಗ ಹಾಕುವ ಹಾಗಿಲ್ಲ. "ಸುಮ್ನೆ ಪ್ರಾಕ್ಟೀಸ್‌ಗೆ" ಅಂತ ಸಿಕ್ಕ ಡ್ರೈವ್‌ಗೆಲ್ಲ ಕೂರುವವರಿಗೆ ಈ ಸಾಲು.

ಇನಿಷಿಯಲ್ ಅನ್ನುವ ತಲೆನೋವು

ಇದಕ್ಕೊಂದು ಪುಟವೇ ಬೇಕು. ನಮ್ಮ ಕಡೆ ಹೆಸರಿನ ಮುಂದೆ ಊರು, ಅಪ್ಪನ ಹೆಸರು ಇನಿಷಿಯಲ್ಲಾಗಿ ಕೂರುತ್ತವೆ. ಫಾರ್ಮು ಕೇಳುವುದು ಫಸ್ಟ್ ನೇಮ್, ಲಾಸ್ಟ್ ನೇಮ್. ಮಂಜುನಾಥ ಅನ್ನುವ ಹುಡುಗ ಅಂತಿಟ್ಟುಕೊಳ್ಳಿ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ "ಮಂಜುನಾಥ ಎಚ್ ಎಸ್". ಆಧಾರ್ ಮಾಡಿಸುವಾಗ ಆಪರೇಟರ್ ಇಂಗ್ಲಿಷಿನ ಕೊನೆಯ "ಎ" ನುಂಗಿ "ಮಂಜುನಾಥ್" ಮಾಡಿದ್ದಾನೆ, ಇನಿಷಿಯಲ್ಲೇ ಇಲ್ಲ. ಪ್ಯಾನ್ ಕಾರ್ಡಿನವರು ಬರೀ ಇನಿಷಿಯಲ್ ಒಪ್ಪುವುದಿಲ್ಲ, ಬಿಡಿಸಿ ಬರೆಯಬೇಕು. ಹಾಗಾಗಿ ಅಲ್ಲಿ "ಮಂಜುನಾಥ ಹೊನ್ನವಳ್ಳಿ ಶಿವಣ್ಣ". ಕಂಪನಿಯವರ ಮುಂದೆ ಈಗ ಮೂರು ಜನ ಮಂಜುನಾಥರು ನಿಂತಿದ್ದಾರೆ.

ನಾನು ಹೇಳುವ ಕ್ರಮ ಇದು. ಎಸ್ಸೆಸ್ಸೆಲ್ಸಿ ಕಾರ್ಡೇ ಮೂಲ ಅಂತಿಟ್ಟುಕೊಳ್ಳಿ, ಅದನ್ನು ಮುಟ್ಟಬೇಡಿ. ಆಧಾರನ್ನು ಅದಕ್ಕೆ ಸರಿಯಾಗಿ ತಿದ್ದಿಸಿ. ಯಾವ ದಾಖಲೆ ಒಪ್ಪುತ್ತಾರೆ ಅಂತ ಕೇಂದ್ರದಲ್ಲಿ ಮೊದಲೇ ಕೇಳಿಕೊಂಡು ಹೋಗಿ. ಆಧಾರಿನಲ್ಲಿ ಹೆಸರು ತಿದ್ದೋಕೆ ಜೀವಮಾನದಲ್ಲಿ ಎರಡೇ ಸಲ ಅವಕಾಶ, ಅವಸರದಲ್ಲಿ ಒಂದನ್ನು ಹಾಳು ಮಾಡಬೇಡಿ. ಕೌಂಟರಿನಲ್ಲಿ ಕೂತವರು ಟೈಪ್ ಮಾಡುವಾಗ ಪರದೆ ಕಡೆ ಕಣ್ಣಿಟ್ಟು ಒಂದೊಂದೇ ಅಕ್ಷರ ನೋಡಿ, ಸಂಕೋಚ ಬೇಡ. ಹಾಗೇ ಮೊಬೈಲ್ ನಂಬರ್ ಲಿಂಕ್ ಆಗಿದೆಯಾ ಅಂತಲೂ ಕೇಳಿ. ಪ್ಯಾನ್ ಕೊನೆಗೆ. ಅಲ್ಲಿ ಬಿಡಿಸಿದ ಹೆಸರು ಇದ್ದೇ ಇರುತ್ತದೆ, ಅದಕ್ಕೆ "ಈ ಹೆಸರೂ ಆ ಹೆಸರೂ ನನ್ನದೇ" ಅಂತ ಇ-ಸ್ಟ್ಯಾಂಪ್ ಪೇಪರಿನಲ್ಲಿ ಒಂದು ಅಫಿಡವಿಟ್ ಮಾಡಿಸಿ ನೋಟರಿ ಹಾಕಿಸಿಕೊಳ್ಳಿ. ಕೋರ್ಟ್ ಮುಂದಿನ ಟೈಪಿಂಗ್ ಅಂಗಡಿಯಲ್ಲಿ ಅರ್ಧ ದಿನದ ಕೆಲಸ. ಅರ್ಜಿಯಲ್ಲಿ ಲಾಸ್ಟ್ ನೇಮ್ ಕಡ್ಡಾಯ ಅಂದರೆ ಇನಿಷಿಯಲ್ಲನ್ನು ಅಲ್ಲಿ ಹಾಕಿ. "ಆಧಾರ್‌ನಲ್ಲಿ ಇರುವಂತೆ" ಅಂತ ಫಾರ್ಮು ಹೇಳಿದರೆ ಹಾಗೇ ಮಾಡಿ. ಒಂದು ಕಡೆ ಹಾಕಿದ್ದನ್ನು ಎಲ್ಲ ಕಡೆ ಹಾಕಿ.

ಇದೆಲ್ಲ ಐದನೇ ಸೆಮ್ ರಜೆಯಲ್ಲೇ ಆಗಬೇಕು. ಪ್ರಕಟಣೆ ಬಂದ ಮೇಲೆ ಆಧಾರ್ ಕೇಂದ್ರದ ಸಾಲಲ್ಲಿ ನಿಂತರೆ ಪ್ರಯೋಜನವಿಲ್ಲ.

ಅರ್ಜಿ ತುಂಬುವ ದಿನ

ಪ್ರಕಟಣೆ ಕಂಪನಿಯ ಕೆರಿಯರ್ಸ್ ಪೇಜಿನಲ್ಲಿ ಬರುತ್ತದೆ, ಕೆಲವು ಸಲ ಕಾಲೇಜಿನ ಮೂಲಕವೂ ಬರುತ್ತದೆ. ವಾಟ್ಸಾಪಿನಲ್ಲಿ ಬಂದ ಲಿಂಕನ್ನು ಒತ್ತಬೇಡಿ, ನೀವೇ ಕಂಪನಿಯ ವೆಬ್‌ಸೈಟಿಗೆ ಹೋಗಿ ಹುಡುಕಿ. "ಸೀಟು ಗ್ಯಾರಂಟಿ, ರಿಜಿಸ್ಟ್ರೇಷನ್‌ಗೆ ಎರಡು ಸಾವಿರ ಕಳಿಸಿ" ಅಂತ ಯಾರಾದರೂ ಫೋನ್ ಮಾಡಿದರೆ ಅದು ಮೋಸ. ಅರ್ಜಿಗೂ ದುಡ್ಡಿಲ್ಲ, ಟೆಸ್ಟಿಗೂ ದುಡ್ಡಿಲ್ಲ.

ಮೇಲ್ ಐಡಿ ನಿಮ್ಮ ಹೆಸರಲ್ಲಿರಲಿ. "ಕಿಲಾಡಿ ಹುಡುಗ" ಅಂತ ಪಿಯುಸಿಯಲ್ಲಿ ಮಾಡಿಕೊಂಡ ಐಡಿ ಬೇಡ. ಕಾಲೇಜಿನವರು ಕೊಟ್ಟ ಐಡಿಯೂ ಬೇಡ, ಡಿಗ್ರಿ ಮುಗಿದ ಮೇಲೆ ಅದು ನಿಂತುಹೋಗಬಹುದು. ಆಮೇಲೆ ದಿನಾ ಸ್ಪ್ಯಾಮ್ ಫೋಲ್ಡರ್ ತೆರೆಯಿರಿ. ಟೆಸ್ಟ್ ಲಿಂಕು ಅಲ್ಲಿ ಹೋಗಿ ಮಲಗಿದ್ದು ಒಂದೆರಡು ಸಲವಲ್ಲ.

ಫಾರ್ಮನ್ನು ನೀವೇ ತುಂಬಿ. ಇದನ್ನು ನನ್ನ ತಪ್ಪಿನಿಂದಲೇ ಹೇಳುತ್ತಿದ್ದೇನೆ. ಒಂದು ವರ್ಷ ಒಬ್ಬ ಹುಡುಗಿಗೆ ಸಹಾಯ ಮಾಡೋಣ ಅಂತ ನಾನೇ ಕೂತು ತುಂಬಿದೆ. ಹುಟ್ಟಿದ ದಿನಾಂಕದಲ್ಲಿ ತಿಂಗಳು, ದಿನ ಅದಲು ಬದಲಾಯಿತು. ಸಬ್ಮಿಟ್ ಒತ್ತಿದ ಮೇಲೆ ತಿದ್ದೋಕೆ ದಾರಿ ಇರಲಿಲ್ಲ. ಅವಳು ಒಂದು ಮಾತೂ ಆಡಲಿಲ್ಲ, ಅದೇ ಜಾಸ್ತಿ ಚುಚ್ಚಿತು. ಈಗ ನಾನು ಪಕ್ಕದ ಕುರ್ಚಿಯಲ್ಲಿ ಕೂರುತ್ತೇನೆ ಅಷ್ಟೇ, ಮೌಸ್ ಮುಟ್ಟುವುದಿಲ್ಲ. ಒತ್ತುವ ಮುಂಚೆ ಒಬ್ಬರು ಜೋರಾಗಿ ಓದಿ, ಇನ್ನೊಬ್ಬರು ಮಾರ್ಕ್ಸ್ ಕಾರ್ಡ್ ನೋಡಿ ತಾಳೆ ಹಾಕಲಿ. ಕೊನೆಯ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

80 ನಿಮಿಷ

ಆನ್‌ಲೈನ್ ಟೆಸ್ಟ್ ಒಟ್ಟು 80 ನಿಮಿಷ ಇರುತ್ತಿತ್ತು. ಇಂಗ್ಲಿಷ್, ಲಾಜಿಕ್, ಲೆಕ್ಕ, ಮೂರಕ್ಕೂ ತಲಾ 20 ಪ್ರಶ್ನೆ, 20 ನಿಮಿಷ. ಕೊನೆಗೆ 20 ನಿಮಿಷ ಇಂಗ್ಲಿಷಿನಲ್ಲಿ ಪ್ರಬಂಧ. ಅಂದರೆ ಒಂದು ಪ್ರಶ್ನೆಗೆ ಒಂದು ನಿಮಿಷ. ಲೆಕ್ಕ ಗೊತ್ತಿದ್ದರೆ ಸಾಲದು, ಕೈ ಓಡಬೇಕು.

ಉದಾಹರಣೆಗೆ: 150 ಮೀಟರ್ ಉದ್ದದ ರೈಲು ಗಂಟೆಗೆ 54 ಕಿ.ಮೀ. ವೇಗದಲ್ಲಿ ಹೋಗುತ್ತಿದೆ, ಒಂದು ಕಂಬ ದಾಟೋಕೆ ಎಷ್ಟು ಹೊತ್ತು? ಕಿಲೋಮೀಟರನ್ನು ಮೀಟರ್ ಮಾಡಿ, ಗಂಟೆಯನ್ನು ಸೆಕೆಂಡ್ ಮಾಡಿ ಅಂತ ಹೊರಟರೆ ಎರಡು ನಿಮಿಷ ಬೇಕು. 54ನ್ನು 18ರಿಂದ ಭಾಗಿಸಿ 5ರಿಂದ ಗುಣಿಸಿ: ಸೆಕೆಂಡಿಗೆ 15 ಮೀಟರ್. 150ನ್ನು 15ರಿಂದ ಭಾಗಿಸಿ: 10 ಸೆಕೆಂಡ್. ಹದಿನೈದು ಸೆಕೆಂಡಿನಲ್ಲಿ ಮುಗಿಯಿತು. ಶೇಕಡಾ, ಅನುಪಾತ, ಕೆಲಸ-ಕಾಲ, ಲಾಭ-ನಷ್ಟ, ಇಂಥ ಎಂಟು ಹತ್ತು ಬಗೆಗೆ ಇದೇ ರೀತಿಯ ಅಡ್ಡದಾರಿ ಕೈಗೆ ಹತ್ತುವ ತನಕ ಮಾಡಿ. ದಿನಕ್ಕೆ 20 ಪ್ರಶ್ನೆ, ಎದುರಿಗೆ ಗಡಿಯಾರ, ಎರಡು ತಿಂಗಳು.

ಕನ್ನಡ ಮೀಡಿಯಂನಿಂದ ಬಂದವರು ಹೆದರುವುದು ಪ್ರಬಂಧಕ್ಕೆ. ಇಲ್ಲಿ ಕಾವ್ಯ ಬೇಡ. ಚಿಕ್ಕ ಚಿಕ್ಕ ವಾಕ್ಯ, ಒಂದು ಪ್ಯಾರಾಕ್ಕೆ ಒಂದೇ ವಿಷಯ, ಕಾಗುಣಿತ ಸರಿ ಇದ್ದರೆ ಆಯಿತು. ಆದರೆ ಪೆನ್ನಿನಲ್ಲಿ ಬರೆದು ಅಭ್ಯಾಸ ಮಾಡಿದವರು ಕೀಬೋರ್ಡ್ ಮುಂದೆ ಅಕ್ಷರ ಹುಡುಕುತ್ತಾ ಕೂರುತ್ತಾರೆ. ಟೈಪ್ ಮಾಡಿಯೇ ಅಭ್ಯಾಸ ಮಾಡಿ, ತಪ್ಪಿಗೆ ಕೆಂಪು ಗೆರೆ ಎಳೆಯುವ ಸೌಲಭ್ಯ ಆಫ್ ಮಾಡಿ.

ಕ್ಯಾಮೆರಾ ಆನ್ ಇರುತ್ತದೆ. ಹಿಂದೆ ಯಾರೂ ಓಡಾಡಬಾರದು, ಮಾತು ಕೇಳಬಾರದು. ಟೆಸ್ಟ್ ನಡುವೆ ಅಮ್ಮ ಬಾಗಿಲು ತೆಗೆದು "ಊಟ ಆರೋಗ್ತದೆ ಬಾರೋ" ಅಂದರೆ ಅವರ ತಪ್ಪಲ್ಲ, ನೀವು ಹೇಳಿರಲಿಲ್ಲ. ಊರಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ನಿಮಗೇ ಗೊತ್ತು. ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಮಾಡಿ, ಎರಡು ಬೇರೆ ಬೇರೆ ಸಿಮ್‌ನ ಹಾಟ್‌ಸ್ಪಾಟ್ ಇಟ್ಟುಕೊಳ್ಳಿ. ಅದೂ ನಂಬಿಕೆ ಇಲ್ಲದಿದ್ದರೆ ಕಾಲೇಜಿನ ಲ್ಯಾಬ್ ಕೇಳಿ, ಹೆಚ್ಚಿನ ಕಡೆ ಕೊಡುತ್ತಾರೆ.

ಬಾಯಿ ಬಿಡುವ ಹಂತ

ಟೆಸ್ಟ್ ದಾಟಿದರೆ ವಾಯ್ಸ್ ಅಸೆಸ್‌ಮೆಂಟ್. ಇಂಗ್ಲಿಷ್ ಓದುವುದು, ಕೇಳಿದ ವಾಕ್ಯವನ್ನು ತಿರುಗಿ ಹೇಳುವುದು, ಒಂದು ವಿಷಯದ ಮೇಲೆ ಸ್ವಲ್ಪ ಹೊತ್ತು ಮಾತಾಡುವುದು, ಹೀಗಿರುತ್ತದೆ. ಅಮೆರಿಕದವರ ಥರ ರಾಗ ಎಳೆಯಬೇಕಿಲ್ಲ. ನಮ್ಮ ನಾಲಿಗೆಗೆ ಒಂದೇ ಚಾಳಿ: ಎಗ್ ಅನ್ನೋದನ್ನು ಯೆಗ್ ಅನ್ನುತ್ತೇವೆ, ಓಲ್ಡ್ ಅನ್ನೋದನ್ನು ವೋಲ್ಡ್. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಕೇಳಿ, ನಿಮಗೇ ನಗು ಬರುತ್ತದೆ, ವಾರದಲ್ಲಿ ಸರಿಹೋಗುತ್ತದೆ.

ಕೊನೆಯದು ಇಂಟರ್‌ವ್ಯೂ. ಅವರು ಇದನ್ನು ಬಿಸಿನೆಸ್ ಡಿಸ್ಕಷನ್ ಅನ್ನುತ್ತಾರೆ. ಸಿ, ಜಾವಾ, ಡೇಟಾಬೇಸ್ ಇವುಗಳ ಬುಡ, ಮತ್ತೆ ನಿಮ್ಮ ಪ್ರಾಜೆಕ್ಟ್. ಕಾಲೇಜಿನ ಅಣಕು ಇಂಟರ್‌ವ್ಯೂನಲ್ಲಿ ಒಬ್ಬಳು ಹಾಸ್ಪಿಟಲ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಬಗ್ಗೆ ನಿರರ್ಗಳವಾಗಿ ಹೇಳಿದಳು. "ನಿನ್ನ ಡೇಟಾಬೇಸಿನಲ್ಲಿ ಎಷ್ಟು ಟೇಬಲ್ ಇದೆ?" ಅಂದೆ. ಮೌನ. "ರೋಗಿಗೂ ಡಾಕ್ಟರಿಗೂ ಸಂಬಂಧ ಹೇಗೆ ಕೊಟ್ಟೆ?" ಮತ್ತೆ ಮೌನ. ಆಮೇಲೆ ಮೆಲ್ಲಗೆ, "ಮೇಡಂ, ಪ್ರಾಜೆಕ್ಟ್ ಸೆಂಟರಿನಲ್ಲಿ ತಗೊಂಡಿದ್ದು." ಬೈಯಲಿಲ್ಲ, ಅರ್ಧ ಕ್ಲಾಸು ಅಲ್ಲೇ ತಗೊಂಡಿತ್ತು. ಒಂದು ವಾರ ಕೂತು ಅದೇ ಕೋಡನ್ನು ಬಿಚ್ಚಿ, ಒಂದು ಹೊಸ ಟೇಬಲ್ ಸೇರಿಸಿ ಬಾ ಅಂದೆ. ಹಾಗೆ ಮಾಡಿದ ಮೇಲೆ ಅದು ಅವಳ ಪ್ರಾಜೆಕ್ಟ್ ಆಯಿತು. ದುಡ್ಡು ಕೊಟ್ಟು ತಂದವರು ನೀವೂ ಇದನ್ನೇ ಮಾಡಿ.

ಐದು ವರ್ಷ ಇರುತ್ತೀರಾ, ಬೇರೆ ಊರಿಗೆ ಹೋಗುತ್ತೀರಾ, ಶನಿವಾರ ಕ್ಲಾಸಿದ್ದರೆ ಬರುತ್ತೀರಾ ಅಂತ ಕೇಳಬಹುದು. ಮನೆಯಲ್ಲಿ ಮಾತಾಡಿಕೊಂಡೇ ಹೋಗಿ. ಹೆಣ್ಣುಮಕ್ಕಳು ಅಪ್ಪ ಅಮ್ಮನ ಹತ್ತಿರ ಮದುವೆ ವಿಷಯವನ್ನೂ ಈಗಲೇ ಮಾತಾಡಿಬಿಡಬೇಕು. ನಮ್ಮಲ್ಲಿ ಎರಡನೇ ವರ್ಷಕ್ಕೆ ಬಿಟ್ಟು ಬಂದವರಲ್ಲಿ ಹೆಚ್ಚಿನವರು ಈ ಕಾರಣಕ್ಕೇ ಬಂದದ್ದು.

ಪಿಯುಸಿ ಮುಗಿಸಿದ ತಮ್ಮ ತಂಗಿಯರಿದ್ದರೆ ಎಚ್‌ಸಿಎಲ್‌ನ ಟೆಕ್‌ಬೀ ನೋಡಬಹುದು. ಮೊದಲು ತರಬೇತಿ, ಆಮೇಲೆ ಕೆಲಸ, ಪಕ್ಕದಲ್ಲಿ ಡಿಗ್ರಿ. ಅಲ್ಲಿ ತರಬೇತಿಗೆ ಫೀಸು ಇದೆ, ಅದನ್ನು ತಿಳಿದು ಹೋಗಿ. ಈಗಾಗಲೇ ಕೆಲಸದಲ್ಲಿರುವವರಿಗೆ ಬಿಟ್ಸ್ ಪಿಲಾನಿಯದೇ ಬೇರೆ ವಿಲ್ಪ್ ಇದೆ, 1979ರಿಂದ ನಡೆಯುತ್ತಿದೆ. ಹೆಸರು ಒಂದೇ ಆದ್ದರಿಂದ ಗೊಂದಲ. ಅದಕ್ಕೆ ನಿಮ್ಮ ಕಂಪನಿಯ ಒಪ್ಪಿಗೆ ಬೇಕು, ಕಂಪನಿ ಕೊಡದಿದ್ದರೆ ಫೀಸು ನಿಮ್ಮ ಜೇಬಿಂದ.

ಆಯ್ಕೆಯಾದ ಮೇಲೆ

ಸೆಲೆಕ್ಟ್ ಆಗಿದ್ದೀರಿ ಅಂತ ಮೇಲ್ ಬರುವುದಕ್ಕೂ ಇಂಥ ದಿನ ಬಂದು ಸೇರಿ ಅಂತ ಬರುವುದಕ್ಕೂ ನಡುವೆ ತಿಂಗಳುಗಳೇ ಆಗಬಹುದು. ಈ ನಡುವೆ ಮಾಡುವ ಕೆಲಸ ಎರಡು. ಆರನೇ ಸೆಮ್‌ನಲ್ಲಿ ಯಾವುದೂ ಉಳಿಸಿಕೊಳ್ಳದಿರುವುದು, ರಿಸಲ್ಟ್ ಬಂದ ದಿನವೇ ಪ್ರೊವಿಷನಲ್ ಡಿಗ್ರಿ ಸರ್ಟಿಫಿಕೇಟಿಗೆ ಅರ್ಜಿ ಕೊಡುವುದು. ವಿಶ್ವವಿದ್ಯಾಲಯದಿಂದ ಅದು ಕೈಗೆ ಬರೋಕೆ ಎಷ್ಟು ದಿನ ಬೇಕು ಅಂತ ಸೀನಿಯರ್ಸ್‌ನ ಕೇಳಿ ಇಟ್ಟುಕೊಳ್ಳಿ. ಒಪ್ಪಂದದ ಕಾಗದ ಬಂದಾಗ ಅಪ್ಪನನ್ನೋ ಅಣ್ಣನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಪೂರ್ತಿ ಓದಿ, ಬಿಟ್ಟರೆ ಎಷ್ಟು ಕೊಡಬೇಕು ಅನ್ನುವ ಸಾಲಿಗೆ ಪೆನ್ಸಿಲ್ ಗೆರೆ ಎಳೆಯಿರಿ.

ಕಾಯುವ ಹೊತ್ತಿನಲ್ಲಿ ಪಿಜಿಸಿಇಟಿ ಬರೆಯಿರಿ, ಖಂಡಿತ ಬರೆಯಿರಿ. ಆದರೆ ಎಂಸಿಎಗೆ ಸೇರಿ ಫೀಸು ಕಟ್ಟುವ ಮುಂಚೆ ಎರಡು ಪ್ರಶ್ನೆಗೆ ಆ ಕಾಲೇಜಿನ ಆಫೀಸಿನಲ್ಲಿ ಉತ್ತರ ತಗೊಳ್ಳಿ: ನಡುವೆ ಬಿಟ್ಟರೆ ಫೀಸಿನಲ್ಲಿ ಎಷ್ಟು ವಾಪಸ್, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಎಷ್ಟು ದಿನದಲ್ಲಿ ವಾಪಸ್. ಹೋದ ಸಲ ನಮ್ಮ ಹುಡುಗನೊಬ್ಬನಿಗೆ ಶುಕ್ರವಾರ ಸಂಜೆ ಮೇಲ್ ಬಂತು, ಮುಂದಿನ ಗುರುವಾರ ಬೆಂಗಳೂರಿನಲ್ಲಿ ಒರಿಜಿನಲ್ ಸಮೇತ ಇರಬೇಕು ಅಂತ. ಒರಿಜಿನಲ್ ಎಂಸಿಎ ಕಾಲೇಜಿನ ಬೀರುವಿನಲ್ಲಿತ್ತು, ಬೀಗದ ಕೈ ಇದ್ದ ಕ್ಲರ್ಕ್ ರಜೆ ಮೇಲೆ ಊರಿಗೆ ಹೋಗಿದ್ದರು. ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಕಾರ್ಡು ಕೈಗೆ ಬಂತು, ರಾತ್ರಿ ಬಸ್ ಹತ್ತಿದ.